ಬ್ರೇಕಿನ ದೋಷನಿದಾನ: ಒಂದು ಕಸುಬಿನ ಚರಿತ್ರೆ

1888ನೆಯ ಇಸವಿಯ ಆಗಸ್ಟ್ ತಿಂಗಳಿನಲ್ಲಿ, ಪತಿ ಕಾರ್ಲ್ ಬೆಂಜ್ ನಿರ್ಮಿಸಿದ್ದ ಮೂರು ಚಕ್ರದ ಮೋಟಾರು ವಾಹನವನ್ನೇರಿ, ತನ್ನ ಇಬ್ಬರು ಗಂಡುಮಕ್ಕಳೊಡನೆ ಜರ್ಮನಿಯ ಮ್ಯಾನ್‌ಹೈಮಿನಿಂದ ತವರೂರಾದ ಪ್ಫೋರ್ಟ್ಸ್‌ಹೈಮಿಗೆ ಹೊರಟ ಬೆರ್ತಾ ಬೆಂಜ್, ನೂರು ಕಿಲೋಮೀಟರಿಗೂ ಮಿಕ್ಕ ಆ ಹಾದಿಯ ಇಳಿಜಾರುಗಳಲ್ಲಿ ಒಂದು ಸಂಗತಿಯನ್ನು ಗಮನಿಸಿದಳು: ಗಾಲಿಯನ್ನು ತಡೆಯಬೇಕಾದ ಮರದ ತುಂಡುಗಳು ಸವೆದು ಹಿಡಿತವನ್ನು ಕಳೆದುಕೊಳ್ಳುತ್ತಿದ್ದುವು. ದಾರಿಯ ಹಳ್ಳಿಯೊಂದರಲ್ಲಿ ಪಾದರಕ್ಷೆ ಹೊಲಿಯುವ ಕುಶಲಕರ್ಮಿಯೊಬ್ಬನಿಂದ ಆ ಮರದ ಮೇಲೆ ತೊಗಲಿನ ಪಟ್ಟಿಯನ್ನು ಮೊಳೆಯಿಂದ ಹೊಡೆಯಿಸಿ ಆಕೆ ಪ್ರಯಾಣವನ್ನು ಮುಂದುವರಿಸಿದಳು. ಹೀಗೆ ಮೋಟಾರು ವಾಹನದ ಮೊತ್ತಮೊದಲ ದೀರ್ಘಯಾನದಲ್ಲಿಯೇ ಬ್ರೇಕಿನ ಅನಿರೀಕ್ಷಿತ ದೋಷವೂ, ಅದರ ಕಾರಣದ ಶೋಧವೂ, ಕೈಗೆ ದೊರೆತ ವಸ್ತುವಿನಿಂದಲೇ ಮಾಡಿದ ದುರಸ್ತಿಯೂ ಒಟ್ಟಿಗೆ ಕಾಣಿಸಿಕೊಂಡುವು. ಈ ಮೂರರಲ್ಲಿ ಮೊದಲನೆಯದನ್ನು ವಾಹನದ ಒಡೆಯರೆಲ್ಲರೂ ಬಲ್ಲರು. ಮೂರನೆಯದಕ್ಕೆ ಹಣವನ್ನು ತೆರುವರು. ನಡುವಣದಾದ ಕಾರಣಶೋಧಕ್ಕೆ ಮಾತ್ರ ಸಲ್ಲಬೇಕಾದ ಮನ್ನಣೆ ಇಂದಿಗೂ ಸಂದಿಲ್ಲ.

ಅದೇ ಶತಮಾನದ ಅಂತ್ಯದಲ್ಲಿ ಇಂಗ್ಲೆಂಡಿನ ಡರ್ಬಿಶೈರಿನ ಗುಡ್ಡಗಾಡಿನಲ್ಲಿ, ಕುದುರೆಗಾಡಿ ಹೊಡೆಯುವವರು ಇಳಿಜಾರಿನಲ್ಲಿ ಹಿಡಿತಕ್ಕಾಗಿ ಮರದ ಬ್ರೇಕಿಗೆ ಹಳೆಯ ಬೂಟುಗಳನ್ನು ಕಟ್ಟುತ್ತಿದ್ದುದನ್ನು ಕಂಡ ಹರ್ಬರ್ಟ್ ಫ್ರೂಡ್ ಎಂಬಾತನು, ಇದಕ್ಕಿಂತ ಉತ್ತಮವಾದ ಘರ್ಷಣವಸ್ತುವೊಂದನ್ನು ಸಿದ್ಧಪಡಿಸಲು ತೊಡಗಿ, 1897ರಲ್ಲಿ ಸ್ಥಾಪಿಸಿದ ಉದ್ಯಮವೇ ಮುಂದೆ ಫೆರೊಡೊ ಎಂದು ಪ್ರಸಿದ್ಧವಾಯಿತು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಲೈನಿಂಗ್ ಎಂದು ಕರೆಯಲಾಗುವ ಈ ಘರ್ಷಣವಸ್ತುವಿಗೆ ಕಲ್ನಾರು ಬಂದು ಸೇರಿತು. ಉಷ್ಣಕ್ಕೆ ಅದು ಅಳುಕಲಿಲ್ಲವೆಂಬುದು ನಿಜ. ಆದರೆ ಚಕ್ರದ ಬ್ರೇಕ್ ಡ್ರಮ್ಮನ್ನು ಬಿಚ್ಚಿ ಗಾಳಿಯ ಪೈಪಿನಿಂದ ಧೂಳನ್ನು ಊದುತ್ತಿದ್ದ ಅಸಂಖ್ಯ ಕೆಲಸಗಾರರ ಶ್ವಾಸಕೋಶಗಳನ್ನು ಆ ನಾರು ಹೊಕ್ಕಿತೆಂಬುದೂ ಅಷ್ಟೇ ನಿಜ. ಬ್ರೇಕಿನ ದುರಸ್ತಿಯ ಲೆಕ್ಕದಲ್ಲಿ ಎಂದೂ ನಮೂದಾಗದ ವೆಚ್ಚಗಳ ಪೈಕಿ ಅತ್ಯಂತ ದಾರುಣವಾದುದು ಇದೇ.

1902ರ ಸುಮಾರಿಗೆ ಫ್ರಾನ್ಸಿನ ಲೂಯಿ ರೆನೋ, ಡ್ರಮ್ಮಿನ ಒಳಗಿನಿಂದ ಹೊರಕ್ಕೆ ಒತ್ತುವ ಬ್ರೇಕನ್ನು ರೂಪಿಸಿದ ತರುವಾಯ ಕೆಲವು ದಶಕಗಳ ಕಾಲ ಚಾಲಕನ ಪಾದದ ಬಲವು ಸಲಾಕೆಗಳ ಮತ್ತು ತಂತಿಗಳ ಮೂಲಕ ಚಕ್ರಗಳನ್ನು ತಲುಪುತ್ತಿದ್ದಿತು. ಸಲಾಕೆಯ ಕೀಲೊಂದು ಸವೆದರೆ, ತಂತಿಯೊಂದು ಕೂದಲೆಳೆಯಷ್ಟು ಜಗ್ಗಿದರೆ, ಒಂದು ಚಕ್ರವು ಮೊದಲು ನಿಂತು ಮತ್ತೊಂದು ಉರುಳುತ್ತಲೇ ಇದ್ದು ವಾಹನವು ಪಕ್ಕಕ್ಕೆ ಎಳೆಯುತ್ತಿದ್ದಿತು. ಆ ಕಾಲದ ದೋಷಗಳು ಕಣ್ಣಿಗೆ ಕಾಣುವಂಥವು, ಬೆರಳಿನಿಂದ ಮುಟ್ಟಿ ಅರಿಯುವಂಥವು. ಮುಚ್ಚಿಟ್ಟ ದ್ರವವೊಂದರ ಮೇಲೆ ಹೇರಿದ ಒತ್ತಡವು ಎಲ್ಲ ದಿಕ್ಕಿಗೂ ಸಮನಾಗಿ ಹಬ್ಬುವುದೆಂಬ ಪಾಸ್ಕಲನ ಹದಿನೇಳನೆಯ ಶತಮಾನದ ತತ್ತ್ವವನ್ನು ಮಾಲ್ಕಮ್ ಲಾಕ್‌ಹೀಡ್ ವಾಹನದ ಬ್ರೇಕಿಗೆ ಅನ್ವಯಿಸಿ, ಅದು 1921ರಲ್ಲಿ ಅಮೆರಿಕದ ಡ್ಯೂಸೆನ್‌ಬರ್ಗ್ ಕಾರಿನ ನಾಲ್ಕು ಚಕ್ರಗಳಿಗೂ ಬಂದ ಮೇಲೆ, ಅಸಮಾನತೆಯ ಹಳೆಯ ವ್ಯಾಧಿ ಬಹುಮಟ್ಟಿಗೆ ತಗ್ಗಿತು. ಆದರೆ ದೋಷವು ಕೊಳವೆಗಳ, ಸಿಲಿಂಡರುಗಳ, ರಬ್ಬರಿನ ಕಪ್ಪುಗಳ ಒಳಗೆ ಹೊಕ್ಕು ಕಣ್ಣಿಗೆ ಮರೆಯಾಯಿತು. ಬ್ರೇಕಿನ ದೋಷನಿದಾನವು ಪ್ರತ್ಯೇಕವಾದ ವಿದ್ಯೆಯಾದುದು ಅಂದಿನಿಂದ.

ನಮ್ಮ ದೇಶದಲ್ಲಿ ಈ ವಿದ್ಯೆ ಬೆಳೆದ ಬಗೆಗೆ ಇಲ್ಲಿಯ ಪರಿಸ್ಥಿತಿಯೇ ಕಾರಣ. 1950ರ ದಶಕದ ನಡುವಿನ ಹೊತ್ತಿಗೆ ವಿದೇಶಿ ಕಾರುಗಳ ಜೋಡಣೆಯ ಕಂಪನಿಗಳು ಹಿಂದೆ ಸರಿದು, ಆ ದಶಕದಲ್ಲಿಯೂ ಮುಂದಿನದರ ಆರಂಭದಲ್ಲಿಯೂ ಮಾರಿಸ್ ಆಕ್ಸ್‌ಫರ್ಡಿನ ಮಾದರಿಯ ಅಂಬಾಸಿಡರ್ ಬಂಗಾಳದ ಉತ್ತರಪಾಡಾದಿಂದಲೂ, ಫಿಯೆಟ್ 1100 ಮಾದರಿಯ ಕಾರು ಮುಂಬಯಿಯಿಂದಲೂ, ಸ್ಟ್ಯಾಂಡರ್ಡ್ ಹೆರಾಲ್ಡ್ ಮದರಾಸಿನಿಂದಲೂ ಹೊರಬರತೊಡಗಿದುವು. ಹೊಸ ಕಾರಿಗಾಗಿ ವರುಷಗಟ್ಟಲೆ ಕಾಯಬೇಕಾಗಿದ್ದ ಆ ಕಾಲದಲ್ಲಿ, ದೊರೆತ ಕಾರನ್ನು ಎರಡು ತಲೆಮಾರು ಕಾಪಾಡಿಕೊಳ್ಳುವುದು ಗೃಹಧರ್ಮವೇ ಆಗಿದ್ದಿತು. ಮದರಾಸಿನಲ್ಲಿ ಬ್ರೇಕಿನ ಬಿಡಿಭಾಗಗಳ ತಯಾರಿಕೆ 1960ರ ದಶಕದಲ್ಲಿ ನೆಲೆಗೊಂಡಿತು; ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಗಳಲ್ಲಿ ಲೈನಿಂಗು, ಕಪ್ಪು, ಹೋಸ್ ಪೈಪುಗಳು ದೊರೆಯತೊಡಗಿದುವು. ಸವೆದ ಲೈನಿಂಗನ್ನು ಕಿತ್ತು ಅದೇ ಬ್ರೇಕ್ ಶೂವಿಗೆ ಹೊಸದನ್ನು ರಿವೆಟ್ ಹೊಡೆಯುವುದು, ಗೀರು ಬಿದ್ದ ಡ್ರಮ್ಮನ್ನು ಲೇತಿಗೆ ಹಾಕಿ ನಯಗೊಳಿಸುವುದು, ತುಕ್ಕು ತಿಂದ ಸಿಲಿಂಡರಿನೊಳಗೆ ಹಿತ್ತಾಳೆಯ ಕೊಳವೆಯನ್ನು ಕೂರಿಸಿ ಮರುಜೀವ ನೀಡುವುದು, ಇವೆಲ್ಲ ಗ್ಯಾರೇಜಿನ ನಿತ್ಯಕರ್ಮಗಳಾದುವು.

ಆ ಗ್ಯಾರೇಜುಗಳ ಮೇಸ್ತ್ರಿಗಳು ಗ್ರಂಥಗಳಿಂದ ಕಲಿತವರಲ್ಲ. ಅವರ ಪ್ರಥಮ ಸಾಧನ ಪಾದ. ಪೆಡಲನ್ನು ಒತ್ತಿದಾಗ ಅದು ಮೆತ್ತಗೆ ಕುಗ್ಗಿ ಮತ್ತೆ ಪುಟಿದರೆ ಕೊಳವೆಯೊಳಗೆ ಗಾಳಿ ಸೇರಿದೆಯೆಂದೂ, ಎರಡು ಮೂರು ಸಲ ಪಂಪ್ ಮಾಡಿದ ಮೇಲೆ ಎತ್ತರಕ್ಕೆ ಬಂದು ಗಟ್ಟಿಯಾಗಿ ನಿಂತರೆ ಶೂವಿಗೂ ಡ್ರಮ್ಮಿಗೂ ಅಂತರ ಹೆಚ್ಚಾಗಿ ಅಡ್ಜಸ್ಟ್ ಮಾಡಬೇಕಾಗಿದೆಯೆಂದೂ, ಗಟ್ಟಿಯಾಗಿದ್ದ ಪೆಡಲು ಪಾದವನ್ನು ಒತ್ತಿಯೇ ಇದ್ದರೂ ಮೆಲ್ಲಮೆಲ್ಲನೆ ತಳಕ್ಕೆ ಇಳಿಯುತ್ತಿದ್ದು, ಹೊರಗೆಲ್ಲಿಯೂ ಒಂದು ತೊಟ್ಟು ಬ್ರೇಕ್ ಆಯಿಲ್ ಸೋರಿರದಿದ್ದರೆ, ಪೆಡಲಿನ ಬಲವನ್ನು ಆಯಿಲಿಗೆ ದಾಟಿಸುವ ಮಾಸ್ಟರ್ ಸಿಲಿಂಡರಿನ ಒಳಗಣ ಕಪ್ಪು ಸವೆದಿದೆಯೆಂದೂ ಅವರು ತೀರ್ಮಾನಿಸುತ್ತಿದ್ದರು. ತರುವಾಯದ ಸಾಧನ ಅಂಗೈ: ಒಂದಿಷ್ಟು ದೂರ ಓಡಿಸಿ ತಂದ ಕಾರಿನ ನಾಲ್ಕು ಚಕ್ರಗಳ ಬಳಿಯೂ ಕೈಯನ್ನೊಡ್ಡಿ, ಒಂದು ಮಾತ್ರ ಬಿಸಿಯೇರಿದ್ದರೆ ಆ ಚಕ್ರದ ಶೂಗಳನ್ನು ಒತ್ತುವ ವೀಲ್ ಸಿಲಿಂಡರ್ ಹಿಡಿದುಕೊಂಡಿರಬೇಕು, ಇಲ್ಲವೆ ಅದರ ಹೋಸ್ ಪೈಪು ಒಳಗೇ ಊದಿ, ಒತ್ತಿದ ಆಯಿಲನ್ನು ಹೋಗಗೊಟ್ಟು ಹಿಂದಿರುಗಗೊಡದಂತಿರಬೇಕು, ನಾಲ್ಕೂ ಬಿಸಿಯಾಗಿದ್ದರೆ ಮಾಸ್ಟರ್ ಸಿಲಿಂಡರಿನಿಂದ ಆಯಿಲು ತನ್ನ ಡಬ್ಬಿಗೆ ಮರಳುವ ಸೂಕ್ಷ್ಮ ರಂಧ್ರವು ಮುಚ್ಚಿಹೋಗಿರಬೇಕು. ಕಾರು ಎಡಕ್ಕೆ ಎಳೆದರೆ ದೋಷವು ಎಡಗಡೆಯದೆಂದು ಭಾವಿಸುವುದು ಸಹಜ; ಆದರೆ ಬಲಗಡೆಯ ಲೈನಿಂಗಿನ ಮೇಲೆ ಆಯಿಲ್ ಸೋರಿ ಅದು ಹಿಡಿಯದೆ ಹೋದುದರಿಂದಲೇ ಎಡಕ್ಕೆ ಎಳೆದಿರಬಹುದೆಂಬ ವಿವೇಕವು ಅನುಭವದಿಂದ ಮಾತ್ರ ಬರುವಂಥದು.

ಇವೆಲ್ಲಕ್ಕಿಂತ ಗಹನವಾದುದು ಘಾಟಿಯ ರಸ್ತೆಗಳಲ್ಲಿ ಎದುರಾಗುತ್ತಿದ್ದ ದೋಷ. ಆಗುಂಬೆಯನ್ನೋ ಚಾರ್ಮಾಡಿಯನ್ನೋ ಇಳಿಯುತ್ತಿರುವಾಗ ಪೆಡಲು ಇದ್ದಕ್ಕಿದ್ದಂತೆ ತಳಕ್ಕೆ ಕುಸಿದು, ಹ್ಯಾಂಡ್ ಬ್ರೇಕ್ ಎಳೆದು ಹೇಗೋ ನಿಲ್ಲಿಸಿದ ಕಾರು, ಅರ್ಧ ಗಂಟೆ ತಣಿದ ಮೇಲೆ ಏನೂ ಆಗದಂತೆ ಬ್ರೇಕ್ ಹಿಡಿಯುತ್ತಿದ್ದಿತು. ಊರಿನ ಗ್ಯಾರೇಜಿಗೆ ಕೊಂಡೊಯ್ದರೆ ಎಲ್ಲವೂ ಸರಿಯಾಗಿಯೇ ಕಾಣುತ್ತಿದ್ದಿತು. ಬ್ರೇಕ್ ಆಯಿಲು ಗಾಳಿಯಲ್ಲಿನ ತೇವವನ್ನು ಕಾಲಕ್ರಮದಲ್ಲಿ ಹೀರಿಕೊಳ್ಳುವ ದ್ರವವಾದುದರಿಂದ, ಹೊಸದಿದ್ದಾಗ 205 ಡಿಗ್ರಿ ಸೆಲ್ಸಿಯಸ್ಸಿನವರೆಗೂ ಕುದಿಯದಿರಬೇಕಾದ ಡಾಟ್ 3 ದರ್ಜೆಯ ಆಯಿಲಿಗೆ, ತೇವ ತುಂಬಿದ ಮೇಲೆ ಆ ದರ್ಜೆಯ ಮಾನದಂಡವು ವಿಧಿಸುವ ಕನಿಷ್ಠ ಮಿತಿ 140 ಡಿಗ್ರಿ ಮಾತ್ರ. ಸತತವಾಗಿ ತುಳಿದ ಬ್ರೇಕಿನ ಬಿಸಿಗೆ ಆ ಹಳೆಯ ಆಯಿಲು ಕುದಿದು ಆವಿಯಾದಾಗ, ಪಾದದ ಬಲವೆಲ್ಲ ಆವಿಯನ್ನು ಕುಗ್ಗಿಸುವುದರಲ್ಲಿಯೇ ವ್ಯರ್ಥವಾಗುತ್ತದೆ. ತಣಿದೊಡನೆ ಆವಿ ಮತ್ತೆ ದ್ರವವಾಗಿ ಸಾಕ್ಷ್ಯವೇ ಅಳಿದುಹೋಗುತ್ತದೆ. ಹತ್ತಿದ ಗೇರಿನಲ್ಲಿಯೇ ಇಳಿಯಬೇಕೆಂಬ ಘಾಟಿಯ ಚಾಲಕರ ನಿಯಮವು, ಎಂಜಿನ್ನಿನಿಂದಲೇ ವೇಗವನ್ನು ತಡೆದು ಬ್ರೇಕನ್ನು ತಣ್ಣಗಿರಿಸುವ ಈ ತತ್ತ್ವವನ್ನೇ ಆಚರಣೆಯಾಗಿ ಉಳಿಸಿಕೊಂಡು ಬಂದಿದೆ. ಹಳೆಯ ಕಾರುಗಳಲ್ಲಿ ನಾಲ್ಕು ಚಕ್ರಗಳಿಗೂ ಒಂದೇ ಆಯಿಲಿನ ಸಾಲು ಇದ್ದುದರಿಂದ ಎಲ್ಲಿ ಸೋರಿದರೂ ಇಡೀ ಬ್ರೇಕು ನಷ್ಟವಾಗುತ್ತಿದ್ದಿತು. ಎರಡು ಪ್ರತ್ಯೇಕ ಸಾಲುಗಳನ್ನು ಅಮೆರಿಕವು ಕಡ್ಡಾಯಪಡಿಸಿದುದು 1968ರಲ್ಲಿ.

ಇನ್ನು ವೆಚ್ಚದ ವಿಚಾರ. ಬ್ರೇಕಿನ ದುರಸ್ತಿಯಲ್ಲಿ ಒಡೆಯನನ್ನು ಕಂಗೆಡಿಸುವುದು ಮೊತ್ತಕ್ಕಿಂತ ಹೆಚ್ಚಾಗಿ ಅದು ಕಂತುಕಂತಾಗಿ ಏರುವ ಬಗೆ. ಮಾಸ್ಟರ್ ಸಿಲಿಂಡರಿಗೆ ಹೊಸ ಕಿಟ್ ಹಾಕಿಸಿದ ಮೇಲೆ ಒತ್ತಡವು ಮೊದಲಿನಂತಾಗಿ, ಅದುವರೆಗೆ ಹೇಗೋ ತಡೆದುಕೊಂಡಿದ್ದ ಹಳೆಯ ವೀಲ್ ಸಿಲಿಂಡರ್ ಸೋರತೊಡಗುತ್ತದೆ. ಅದನ್ನು ಸರಿಪಡಿಸಿದರೆ ಅದೇ ವಯಸ್ಸಿನ ಎದುರು ಚಕ್ರದ ಸಿಲಿಂಡರ್ ಕೆಲವು ವಾರಗಳಲ್ಲಿ ಅದರ ಹಾದಿಯನ್ನೇ ಹಿಡಿಯುತ್ತದೆ. ತಿಳಿಯದೆ ಯಾರೋ ಎಂಜಿನ್ ಆಯಿಲನ್ನು ಬ್ರೇಕಿನ ಡಬ್ಬಿಗೆ ಸುರಿದರಂತೂ ಒಳಗಿನ ರಬ್ಬರೆಲ್ಲ ಊದಿ, ಒಂದೂ ಬಿಡದೆ ಬದಲಾಯಿಸಬೇಕಾಗುತ್ತದೆ. ಮೇಸ್ತ್ರಿಯು ವಂಚಿಸಿದನೆಂದು ಒಡೆಯನು ಸಂಶಯಪಡುವುದು ಇಂಥ ಸಂದರ್ಭಗಳಲ್ಲಿಯೇ. ಆದರೆ ಬಲ್ಲ ಮೇಸ್ತ್ರಿಯು ಮೊದಲೇ ನಾಲ್ಕು ಡ್ರಮ್ಮುಗಳನ್ನೂ ಬಿಚ್ಚಿ ತೋರಿಸಿ, ಒಂದು ಕಡೆಯದನ್ನು ಬದಲಾಯಿಸಿದರೆ ಎದುರು ಕಡೆಯದನ್ನೂ ಬದಲಾಯಿಸಬೇಕೆಂದು ಹೇಳಿದಾಗ, ಒಟ್ಟು ಮೊತ್ತವನ್ನು ಕೇಳಿ ಹಿಂಜರಿದು, ಸದ್ಯಕ್ಕೆ ಒಂದನ್ನು ಮಾತ್ರ ಮಾಡಿಕೊಡೆಂದವನೂ ಅದೇ ಒಡೆಯನಲ್ಲವೆ? ಕೆಲವೇ ನೂರು ರೂಪಾಯಿಗಳ ಹೊಸ ಆಯಿಲನ್ನು ಎರಡು ವರುಷಗಳಿಗೊಮ್ಮೆ ಹಾಕಿಸದೆ ಹೋದುದರಿಂದ ಒಳಗೆ ತೇವ ನಿಂತು ತುಕ್ಕು ಹಿಡಿದು ಸಿಲಿಂಡರುಗಳೇ ಹಾಳಾಗುವುದೆಂಬುದನ್ನು ನೆನೆದರೆ, ಅನಿರೀಕ್ಷಿತವೆಂದು ನಾವು ಕರೆಯುವ ವೆಚ್ಚದ ದೊಡ್ಡ ಭಾಗವು ನಮ್ಮ ಉಪೇಕ್ಷೆಯಿಂದಲೇ ಹುಟ್ಟಿದುದೆಂದು ಒಪ್ಪಬೇಕಾಗುತ್ತದೆ.

1978ರಲ್ಲಿ ಬ್ರೇಕ್ ತುಳಿದಾಗ ಚಕ್ರಗಳು ಬಿಗಿದು ಜಾರದಂತೆ ತಡೆಯುವ, ಬಾಷ್ ಸಂಸ್ಥೆಯ ಎಲೆಕ್ಟ್ರಾನಿಕ್ ಎ.ಬಿ.ಎಸ್. ಮರ್ಸಿಡಿಸ್ ಕಾರಿನಲ್ಲಿ ಬಂದು, 2019ರಿಂದ ನಮ್ಮ ದೇಶದ ಹೊಸ ಕಾರುಗಳಿಗೆಲ್ಲ ಅದು ಕಡ್ಡಾಯವಾದ ಮೇಲೆ, ದೋಷವನ್ನು ಸಂಕೇತಾಂಕದ ರೂಪದಲ್ಲಿ ತಿಳಿಸುವ ಯಂತ್ರವು ಗ್ಯಾರೇಜಿನೊಳಗೆ ಬಂದಿದೆ. ಹೊಸ ಮಾದರಿಗಳಲ್ಲಿ ಬಿಡಿ ಕಪ್ಪು ದೊರೆಯದೆ ಇಡೀ ಸಿಲಿಂಡರನ್ನೋ ಇಡೀ ಎ.ಬಿ.ಎಸ್. ಘಟಕವನ್ನೋ ಕೊಳ್ಳಬೇಕಾದ ಪ್ರಸಂಗಗಳು ಹೆಚ್ಚಿವೆ. ಆದರೆ ಚಕ್ರದ ಬಳಿಯ ಸೆನ್ಸರಿನಿಂದ ಸಂಜ್ಞೆ ಬರುತ್ತಿಲ್ಲವೆಂದಷ್ಟೇ ದೋಷವನ್ನು ತಿಳಿಸುವ ಯಂತ್ರವು ಅನೇಕ ಸಲ ಹೇಳುವುದು. ಸೆನ್ಸರ್ ಕೆಟ್ಟಿದೆಯೋ, ಅದರ ವೈರು ಕತ್ತರಿಸಿದೆಯೋ, ಬೇರಿಂಗಿನ ಸಡಿಲದಿಂದ ಅಂತರ ಹೆಚ್ಚಾಗಿದೆಯೋ ಎಂಬುದನ್ನು ಪರೀಕ್ಷಿಸಿ ನಿರ್ಣಯಿಸಬೇಕಾದವನು ಇಂದಿಗೂ ಮನುಷ್ಯನೇ. ಪರೀಕ್ಷಿಸದೆ ಬಿಡಿಭಾಗಗಳನ್ನು ಒಂದಾದ ಮೇಲೊಂದರಂತೆ ಬದಲಾಯಿಸುತ್ತ ಹೋದರೆ, ಅಂಬಾಸಿಡರಿನ ಕಾಲದಲ್ಲಿ ಒಂದು ಕಪ್ಪಿನ ಬೆಲೆ ನಷ್ಟವಾಗುತ್ತಿದ್ದಲ್ಲಿ ಈಗ ಸಹಸ್ರಾರು ರೂಪಾಯಿ ನಷ್ಟವಾಗುತ್ತದೆ.

ನಮ್ಮ ಗ್ಯಾರೇಜುಗಳ ಬಿಲ್ಲಿನಲ್ಲಿ ಮೊದಲಿನಿಂದಲೂ ಎರಡೇ ಬಾಬತ್ತುಗಳು: ಹಾಕಿದ ಸಾಮಾನು, ಹಾಕಿದ ಕೂಲಿ. ಅರ್ಧ ದಿನ ಪರೀಕ್ಷಿಸಿ, ಮಾಸ್ಟರ್ ಸಿಲಿಂಡರ್ ಚೆನ್ನಾಗಿಯೇ ಇದೆ, ಗಾಳಿಯನ್ನು ತೆಗೆದರೆ ಸಾಕೆಂದು ಹೇಳಿದ ಮೇಸ್ತ್ರಿಗೆ ಅತ್ಯಲ್ಪ ಸಂಪಾದನೆ. ನೋಡಿದೊಡನೆಯೇ ಹೊಸ ಸಿಲಿಂಡರನ್ನು ಕೂರಿಸಿದವನಿಗೆ ಅಧಿಕ ಲಾಭ. ಪ್ರಾಮಾಣಿಕತೆಯನ್ನು ದಂಡಿಸುವ ಈ ಪದ್ಧತಿಯನ್ನು ರೂಢಿಗೆ ತಂದವರು ಹಾಕದ ಸಾಮಾನಿಗೆ ಹಣವೇಕೆಂದು ಕೇಳುತ್ತ ಬಂದ ನಾವು. ವೈದ್ಯನಿಗೆ ಔಷಧದ ಬೆಲೆಯಲ್ಲದೆ ಪರೀಕ್ಷೆಯ ಶುಲ್ಕವನ್ನೂ ಕೊಡುವ ನಾವು, ನಮ್ಮ ಪ್ರಾಣವನ್ನೇ ಯಾವುದರ ಮೇಲೆ ಇರಿಸಿ ಪಯಣಿಸುವೆವೋ ಆ ಬ್ರೇಕಿನ ಪರೀಕ್ಷೆಗೆ ಪ್ರತ್ಯೇಕವಾದ ಬೆಲೆಯನ್ನು ಸಂತೋಷದಿಂದ ಕೊಡುವುದು ನ್ಯಾಯ. ಹಳೆಯ ಮೇಸ್ತ್ರಿಗಳು ಪಾದದಿಂದಲೂ ಅಂಗೈಯಿಂದಲೂ ಸಂಪಾದಿಸಿದ ಜ್ಞಾನವನ್ನು ಐ.ಟಿ.ಐ.ಗಳ ಪಾಠಕ್ಕಾಗಿ ಅವರಿಂದಲೇ ಹೇಳಿಸಿ ಬರೆಯಿಸಿಕೊಂಡು, ಹೊಸ ಯಂತ್ರದ ಸಂಕೇತಾಂಕಗಳೊಡನೆ ಅದನ್ನು ಜೋಡಿಸಿ ಕಲಿಸುವುದು ಅಷ್ಟೇ ಅಗತ್ಯ. ದೋಷವನ್ನು ಕಂಡುಹಿಡಿದವನ ಶ್ರಮಕ್ಕೆ ಬಿಲ್ಲಿನಲ್ಲಿ ಒಂದು ಸಾಲನ್ನು ನಾವು ಒಪ್ಪಿಕೊಂಡ ದಿನ, ಬೇಡದ ಸಾಮಾನಿನ ವೆಚ್ಚವು ತಾನಾಗಿಯೇ ತಗ್ಗುವುದಲ್ಲದೆ, ಬಲ್ಲವನೊಬ್ಬನು ಈ ಕಸುಬಿನಲ್ಲಿ ಮಾನದಿಂದ ಬಾಳುವುದೂ ಸಾಧ್ಯವಾಗುವುದು.