ಗಣೇಶನ ಮದುವೆ

ಗಣೇಶನ ಮದುವೆ: 1990ರಲ್ಲಿ ತೆರೆಕಂಡ ಕನ್ನಡ ಪ್ರಣಯ ಹಾಸ್ಯಚಿತ್ರ. ನಿರ್ದೇಶಕ ಫಣಿ ರಾಮಚಂದ್ರ. ಸಂಗೀತ ರಾಜನ್–ನಾಗೇಂದ್ರ ಸೋದರರದು. ಮುಖ್ಯ ಪಾತ್ರಗಳಲ್ಲಿ ಅನಂತನಾಗ್, ವಿನಯಾ ಪ್ರಸಾದ್, ಮುಖ್ಯಮಂತ್ರಿ ಚಂದ್ರು ಮತ್ತು ರಮೇಶ್ ಭಟ್ ಅಭಿನಯಿಸಿದ್ದಾರೆ.

ಕಥಾವಸ್ತು: ರಮಣಮೂರ್ತಿಯ ವಠಾರದಲ್ಲಿ ಬಾಡಿಗೆಗಿರುವ ಗಣೇಶನಿಗೂ ಮಾಲೀಕನ ಮಗಳು ಆದಿಲಕ್ಷ್ಮಿಗೂ ಸದಾ ಜಗಳ. ಆದಿಲಕ್ಷ್ಮಿ ಶ್ರುತಿ ಎಂಬ ಹೆಸರಿನಲ್ಲಿ ಹಾಡುವ ಗಾಯಕಿ. ಆ ಕಂಠಕ್ಕೆ ಮನಸೋತ ಗಣೇಶ ವೈ.ಜಿ. ರಾವ್ ಎಂಬ ಹೆಸರಿನಿಂದ ಅವಳಿಗೆ ಪತ್ರ ಬರೆಯುತ್ತಾನೆ, ಅವಳೂ ಉತ್ತರಿಸುತ್ತಾಳೆ. ಅಂಗಳದಲ್ಲಿ ಮುಖ ಸಿಂಡರಿಸುವ ಇಬ್ಬರೂ ಅಂಚೆಯಲ್ಲಿ ಒಬ್ಬರನ್ನೊಬ್ಬರು ಮೆಚ್ಚಿಕೊಳ್ಳುತ್ತಾರೆ. ಈ ಗುಟ್ಟು ಪ್ರೇಕ್ಷಕರಿಗೆ ಗೊತ್ತು, ಪಾತ್ರಗಳಿಗೆ ಗೊತ್ತಿಲ್ಲ. ಚಿತ್ರದ ನಗು ಹುಟ್ಟುವುದು ಇಲ್ಲಿಯೇ.

ಮೂಲ: ಚಿತ್ರಕ್ಕೆ ಆಧಾರ ತೆಲುಗು ಲೇಖಕ ಮಲ್ಲಾದಿ ವೆಂಕಟಕೃಷ್ಣಮೂರ್ತಿಯವರ ಕಾದಂಬರಿ. ಇದೇ ವಸ್ತುವನ್ನು ಜಂಧ್ಯಾಲ ಅವರು ತೆಲುಗಿನಲ್ಲಿ ‘ನೀಕು ನಾಕು ಪೆಳ್ಳಂಟ’ ಎಂಬ ಹೆಸರಿನಿಂದ ತೆರೆಗೆ ತಂದಿದ್ದರು. 

ಹಾಲಿವುಡ್ ನಂಟು: ಎದುರಿಗಿದ್ದಾಗ ಜಗಳ, ಕಾಗದದಲ್ಲಿ ಒಲವು ಎಂಬ ಈ ಹೆಣಿಗೆಯ ಪ್ರಸಿದ್ಧ ಚಿತ್ರ ‘ದಿ ಶಾಪ್ ಅರೌಂಡ್ ದಿ ಕಾರ್ನರ್’ (1940). ಹಂಗೇರಿಯ ಮಿಕ್ಲೋಷ್ ಲಾಸ್ಲೋ ಅವರ ನಾಟಕವನ್ನು ಆಧರಿಸಿ ಸ್ಯಾಮ್ಸನ್ ರಾಫೆಲ್ಸನ್ ಚಿತ್ರಕಥೆ ಬರೆದರು; ಬರ್ಲಿನ್‌ನಲ್ಲಿ ಹುಟ್ಟಿದ ಅರ್ನ್ಸ್ಟ್ ಲೂಬಿಚ್ (1892–1947) ನಿರ್ದೇಶಿಸಿದರು. ಬುಡಾಪೆಸ್ಟ್‌ನ ಅಂಗಡಿಯೊಂದರಲ್ಲಿ ಜೊತೆಗೆ ದುಡಿಯುತ್ತ ಕಿತ್ತಾಡುವ ಜೋಡಿಯಾಗಿ ಜೇಮ್ಸ್ ಸ್ಟೂವರ್ಟ್ ಮತ್ತು ಮಾರ್ಗರೆಟ್ ಸಲ್ಲವನ್ ನಟಿಸಿದ್ದಾರೆ. ಅಂಚೆಕಚೇರಿಯ ದೃಶ್ಯವೊಂದು ಲೂಬಿಚ್‌ರ ಕೈಚಳಕಕ್ಕೆ ಸಾಕ್ಷಿ: ಪತ್ರದ ಗೂಡಿನೊಳಗೆ ಕೈಗವಸು ತೊಟ್ಟ ಕೈಯೊಂದು ತಡಕಾಡುತ್ತದೆ, ಏನೂ ಸಿಗುವುದಿಲ್ಲ, ಆಮೇಲೆ ಅದೇ ಗೂಡಿನ ಚೌಕಟ್ಟಿನಲ್ಲಿ ನಾಯಕಿಯ ಬಾಡಿದ ಮುಖ ಕಾಣುತ್ತದೆ. ನಾಯಕಿಯ ಇಡೀ ಒಂಟಿತನ ಒಂದೇ ಒಂದು ಮಾತಿಲ್ಲದೆ ತಿಳಿಯುತ್ತದೆ. 1998ರಲ್ಲಿ ನೋರಾ ಎಫ್ರಾನ್ ‘ಯೂವ್ ಗಾಟ್ ಮೇಲ್’ ಚಿತ್ರದಲ್ಲಿ ಇದೇ ಕಥೆಯನ್ನು ಇ-ಮೇಲ್ ಕಾಲಕ್ಕೆ ಒಗ್ಗಿಸಿದರು.

ವೈಶಿಷ್ಟ್ಯ: ಅಂಗಡಿಯ ಜಾಗಕ್ಕೆ ವಠಾರ ಬಂದದ್ದೇ ಕನ್ನಡ ಚಿತ್ರದ ದೊಡ್ಡ ಬಲ. ಸಾಲು ಮನೆಗಳು, ಒಂದೇ ಅಂಗಳ, ಬಾಡಿಗೆಯ ತಕರಾರು, ಎಲ್ಲರ ಮೇಲೂ ಮಾಲೀಕನ ಕಣ್ಣು. ಗುಟ್ಟೆಂಬುದೇ ಉಳಿಯದ ಇಂಥ ಕಡೆ ಒಂದು ಗುಟ್ಟು ಬೆಳೆಯುತ್ತ ಹೋಗುವುದರಿಂದ ಹಾಸ್ಯಕ್ಕೆ ಕಾವು ಬರುತ್ತದೆ.

ತಾರಾಗಣ: ಶ್ಯಾಮ್ ಬೆನಗಲ್ ಅವರ ‘ಅಂಕುರ್’ (1974) ಚಿತ್ರದಲ್ಲಿ ಗಂಭೀರ ಪಾತ್ರದಿಂದ ಹೆಸರಾದ ಅನಂತನಾಗ್ ಇಲ್ಲಿ ಸರಾಗವಾದ ಮಾತುಗಾರಿಕೆಯಿಂದ ನಗಿಸುತ್ತಾರೆ. ಅವರಿಗೆ 2025ರಲ್ಲಿ ಪದ್ಮಭೂಷಣ ಘೋಷಣೆಯಾಯಿತು. ರಮಣಮೂರ್ತಿಯ ಪಾತ್ರ ‘ಮುಖ್ಯಮಂತ್ರಿ’ ನಾಟಕದಿಂದಲೇ ಆ ಹೆಸರು ಪಡೆದ ಚಂದ್ರು ಅವರದು. ಅವರ ರಂಗಭೂಮಿಯ ಪಳಗಿದ ದನಿ ಮಾಲೀಕನ ಜಿಪುಣತನಕ್ಕೆ ಜೀವ ತುಂಬಿದೆ.

ಪ್ರಭಾವ: ಇದರ ಯಶಸ್ಸಿನ ಬೆನ್ನಿಗೇ ಫಣಿ ರಾಮಚಂದ್ರ ‘ಗೌರಿ ಗಣೇಶ’ (1991), ‘ಗಣೇಶ ಸುಬ್ರಹ್ಮಣ್ಯ’ (1992) ಚಿತ್ರಗಳನ್ನು ನಿರ್ದೇಶಿಸಿದರು; ಮುಂದೆ ‘ದಂಡಪಿಂಡಗಳು’ ಧಾರಾವಾಹಿಯಿಂದ ಕಿರುತೆರೆಯಲ್ಲೂ ಮನೆಮಾತಾದರು. ಹೊಡೆದಾಟವನ್ನಾಗಲಿ ಅಶ್ಲೀಲ ಮಾತನ್ನಾಗಲಿ ನೆಚ್ಚದೆ, ಕೆಳಮಧ್ಯಮ ವರ್ಗದ ದಿನನಿತ್ಯದ ಬದುಕಿನಿಂದಲೇ ನಗೆ ಹೊಮ್ಮಿಸಿದ ಕನ್ನಡ ಚಿತ್ರಗಳಲ್ಲಿ ‘ಗಣೇಶನ ಮದುವೆ’ಗೆ ಮೇಲಿನ ಸ್ಥಾನ ಸಲ್ಲುತ್ತದೆ.