ದೋಣಿಗಲ್ಲಿನ ಮಳೆ, ಕೋಲಾರದ ಬೆಳಕು

ಸಕಲೇಶಪುರ ದಾಟಿ ದೋಣಿಗಲ್ಲಿಗೆ ಬಂದರೆ ಘಟ್ಟದ ನೆತ್ತಿ ಸಿಕ್ಕಿತೆಂದೇ ಲೆಕ್ಕ. ಈ ಸೀಮೆಯ ಮಳೆ ಪಡುವಣಕ್ಕೆ ಇಳಿದರೆ ಕೆಂಪುಹೊಳೆ, ಕುಮಾರಧಾರೆ, ನೇತ್ರಾವತಿಗಳ ಮೂಲಕ ಅರಬ್ಬಿ ಸಮುದ್ರ ಸೇರುತ್ತದೆ. ಮೂಡಣಕ್ಕೆ ಹರಿದದ್ದು ಹೇಮಾವತಿಗೆ ಬಿದ್ದು, ಕನ್ನಂಬಾಡಿಯ ಹಿನ್ನೀರಿನಲ್ಲಿ ಕಾವೇರಿಯನ್ನು ಕೂಡಿ, ಮುಂದೆ ಶಿವನಸಮುದ್ರವೆಂಬ ಪುಟ್ಟ ದ್ವೀಪವನ್ನು ಎರಡು ಕವಲಾಗಿ ಬಳಸುತ್ತದೆ. ಅಲ್ಲಿ ಗಗನಚುಕ್ಕಿಯ ಅಂಚಿನಲ್ಲಿ ಹಜ್ರತ್ ಮರ್ದಾನೆ ಗೈಬ್ ಅವರ ದರ್ಗಾ ಇದೆ. ಅದೇ ದ್ವೀಪದಲ್ಲಿ ರಂಗನಾಥನ ಗುಡಿಯೂ ಇದೆ.

ಈ ನೀರಿನಿಂದ ವಿದ್ಯುತ್ ತೆಗೆಯುವ ಯೋಜನೆಯನ್ನು ರೂಪಿಸಿದವರು ಎಂಜಿನಿಯರ್ ಡಿ ಲಾಟ್ಬಿನಿಯರ್. ಬೆನ್ನಿಗೆ ನಿಂತವರು ದಿವಾನ್ ಶೇಷಾದ್ರಿ ಅಯ್ಯರ್. ದ್ವೀಪದ ಎದುರು, ಮೈಸೂರಿನ ದಡದಲ್ಲಿ ವಿದ್ಯುದಾಗಾರ ಎದ್ದಿತು. ಸ್ವಿಟ್ಜರ್ಲೆಂಡ್, ಅಮೆರಿಕಗಳಿಂದ ಬಂದ ಯಂತ್ರಗಳನ್ನು ಕಾಡುದಾರಿಯಲ್ಲಿ ಎಳೆದು ತಂದದ್ದು ಆನೆಗಳು, ಎತ್ತಿನ ಗಾಡಿಗಳು. 1902ರ ಜೂನ್ 30ರಂದು ವಿದ್ಯುತ್ ಹರಿಯಿತು. ಅದನ್ನು ನೋಡಲು ಅಯ್ಯರ್ ಇರಲಿಲ್ಲ, ಹಿಂದಿನ ವರ್ಷವೇ ತೀರಿಕೊಂಡಿದ್ದರು. ಇದು ಏಷ್ಯಾದಲ್ಲೇ ಮೊದಲನೆಯದೆಂದು ನಮ್ಮಲ್ಲಿ ಹೆಮ್ಮೆಯಿಂದ ಹೇಳುವುದುಂಟು. ಅದು ಸರಿಯಲ್ಲ. ಡಾರ್ಜಿಲಿಂಗಿನ ಸಿದ್ರಾಪಾಂಗ್‌ನಲ್ಲಿ 1897ರಲ್ಲೇ ಜಲವಿದ್ಯುತ್ ಹುಟ್ಟಿತ್ತು. ಶಿವನಸಮುದ್ರದ ಹಿರಿಮೆ ಬೇರೆಯದು: ಇಲ್ಲಿನ ವಿದ್ಯುತ್ತನ್ನು ಸುಮಾರು 147 ಕಿಲೋಮೀಟರ್ ದೂರ ಸಾಗಿಸಿದ ತಂತಿ ಆ ಕಾಲಕ್ಕೆ ಜಗತ್ತಿನ ಅತಿ ಉದ್ದದವುಗಳಲ್ಲಿ ಒಂದು.

ಆ ತಂತಿ ಹೋದದ್ದೆಲ್ಲಿಗೆ? ದ್ವೀಪದ ಗುಡಿಸಲುಗಳಿಗಲ್ಲ, ಬ್ರಿಟಿಷ್ ಕಂಪೆನಿಗಳ ಕೋಲಾರದ ಚಿನ್ನದ ಗಣಿಗೆ. ಬೆಂಗಳೂರಿನ ಬೀದಿಗೆ ದೀಪ ಬಂದದ್ದು 1905ರ ಆಗಸ್ಟ್ 5ರಂದು. 1911ರಲ್ಲಿ ಕನ್ನಂಬಾಡಿ ಕಟ್ಟೆಯ ಕೆಲಸ ಶುರುವಾಗಲು ನೀರಾವರಿಯಂತೆಯೇ ಗಣಿಯ ಹಸಿವೂ ಕಾರಣವಾಗಿತ್ತು; ಬೇಸಗೆಯಲ್ಲಿ ನದಿ ಸೊರಗಿದರೂ ಚಕ್ರ ನಿಲ್ಲಬಾರದು. ಹಳೆಯ ಕನ್ನಂಬಾಡಿ ಊರು ಹಿನ್ನೀರಿನಲ್ಲಿ ಮುಳುಗಿತು. ವಿದ್ಯುತ್ ಹಳ್ಳಿಗಳತ್ತ ತಿರುಗಿದ್ದು ಬಹುಮಟ್ಟಿಗೆ 1926ರಿಂದ 1941ರವರೆಗೆ ದಿವಾನರಾಗಿದ್ದ ಸರ್ ಮಿರ್ಜಾ ಇಸ್ಮಾಯಿಲ್ ಅವರ ಕಾಲದಲ್ಲಿ. ಅವರನ್ನು ನಾವು ಉದ್ಯಾನಗಳಿಗಾಗಿ ನೆನೆಯುವಷ್ಟು ಈ ಹಳ್ಳಿಯ ದೀಪಗಳಿಗಾಗಿ ನೆನೆಯುವುದಿಲ್ಲ.

ಕೋಲಾರದ ಗಣಿ 2001ರಲ್ಲಿ ಮುಚ್ಚಿತು. ಶಿವನಸಮುದ್ರದ ಚಕ್ರಗಳು ಇನ್ನೂ ತಿರುಗುತ್ತಿವೆ.

ಇತ್ತ ದೋಣಿಗಲ್ಲಿನ ಸೀಮೆಯ ಪಡುವಣ ಹಳ್ಳಗಳಿಂದ 200 ಮೆಗಾವ್ಯಾಟ್ ವಿದ್ಯುತ್ ತೆಗೆಯುವ ಗುಂಡ್ಯ ಯೋಜನೆ ಬಂತು. ಕಾಡು ಮುಳುಗುತ್ತದೆಂದು ಜನ ಎದುರಿಸಿದರು. ಅನುಮತಿ ಕೊಡಬಾರದೆಂದು ಮಾಧವ ಗಾಡ್ಗೀಳ್ ಸಮಿತಿ 2011ರಲ್ಲಿ ಹೇಳಿತು. ಆ ಹಳ್ಳಗಳಲ್ಲೊಂದಾದ ಎತ್ತಿನಹೊಳೆಯ ನೀರನ್ನೇ ಈಗ ಪಂಪುಗಳಿಂದ ಮೂಡಣಕ್ಕೆ ಎತ್ತುವ ಯೋಜನೆ ನಡೆದಿದೆ. ಮೊದಲ ಹಂತಕ್ಕೆ 2024ರ ಸೆಪ್ಟೆಂಬರ್ 6ರಂದು ಸಕಲೇಶಪುರ ತಾಲೂಕಿನಲ್ಲಿ ಚಾಲನೆ ಸಿಕ್ಕಿತು. ವಿದ್ಯುತ್ ಕೊಡಬೇಕಿದ್ದ ಹಳ್ಳ ವಿದ್ಯುತ್ ಬೇಡುತ್ತಿದೆ. ಆ ನೀರು ಕೊನೆಗೆ ತಲುಪಬೇಕಾದ ಜಿಲ್ಲೆಗಳಲ್ಲಿ ಒಂದು, ಅದೇ ಕೋಲಾರ.