ಮೂಗಿಗೆ ಅಂಟಿಸಿದ ಗಾಳಿ: ಒಂದು ಯಂತ್ರದ ಇತಿಹಾಸ

ನಮ್ಮ ಮನೆಗಳಲ್ಲಿ ಗೊರಕೆಯೆಂದರೆ ನಗೆಯ ವಿಷಯ. ಹಗಲಲ್ಲಿ ತೂಕಡಿಸುವವನಿಗೆ ಕುಂಭಕರ್ಣನೆಂಬ ಬಿರುದು ಸಿದ್ಧವಾಗಿಯೇ ಇರುತ್ತದೆ. ಆದರೆ ಗೊರಕೆ ನಡುವೆ ಥಟ್ಟನೆ ನಿಂತು, ಹತ್ತಿಪ್ಪತ್ತು ಸೆಕೆಂಡು ಉಸಿರೇ ಇಲ್ಲದೆ, ಬಳಿಕ ನೀರಲ್ಲಿ ಮುಳುಗಿದವನು ಮೇಲಕ್ಕೆದ್ದಂತೆ ಏದುಸಿರು ಬರುವುದನ್ನು ಪಕ್ಕದಲ್ಲಿ ಮಲಗಿದವರು ಕೇಳಿರುತ್ತಾರೆ. ಮಲಗಿದವನಿಗೆ ಮಾತ್ರ ಅದರ ಅರಿವಿಲ್ಲ. ಇದೇ ಸ್ಲೀಪ್ ಆಪ್ನಿಯ. ನಿದ್ದೆಯಲ್ಲಿ ಗಂಟಲಿನ ಸ್ನಾಯುಗಳು ಸಡಿಲಗೊಂಡು ಶ್ವಾಸದ ದಾರಿ ಮುಚ್ಚಿಕೊಳ್ಳುತ್ತದೆ. ಇದಕ್ಕೆ ಪರಿಹಾರವಾಗಿ ಗಾಳಿ ಊದುವ ಸಿಪ್ಯಾಪ್ ಯಂತ್ರ ನಮ್ಮ ಮಂಚದ ಪಕ್ಕಕ್ಕೂ ಬಂದು ಮೂರು ತಿಂಗಳಾಯಿತು. ಬಳಗದ ಹಿರಿಯರೊಬ್ಬರ ಮನೆಯಲ್ಲಿ ಅದು ಎಂಟನೆಯ ದಿನಕ್ಕೇ ಅಟ್ಟಕ್ಕೇರಿತು. ಅವರು ಈಗಲೂ ಕಾರು ನಡೆಸುತ್ತಾರೆ ಎಂಬುದೇ ನಮ್ಮ ಚಿಂತೆ. ಆದ್ದರಿಂದ ಈ ಯಂತ್ರ ಎಲ್ಲಿಂದ ಬಂತೆಂಬುದನ್ನು ಓದುಗರ ಮುಂದಿಡೋಣವೆನಿಸಿತು.

ರೋಗ ಹಳೆಯದು, ಹೆಸರು ಹೊಸದು. ಚಾರ್ಲ್ಸ್ ಡಿಕನ್ಸ್ 1836-37ರಲ್ಲಿ ಕಂತುಗಳಾಗಿ ಬರೆದ ‘ಪಿಕ್‌ವಿಕ್ ಪೇಪರ್ಸ್’ ಕಾದಂಬರಿಯಲ್ಲಿ ಜೋ ಎಂಬ ದಢೂತಿ ಹುಡುಗನಿದ್ದಾನೆ. ನಿಂತಲ್ಲೇ ನಿದ್ದೆ ಹೋಗುತ್ತಾನೆ. ಓದುಗರು ನಕ್ಕರು, ಅಷ್ಟೆ. 1956ರಲ್ಲಿ ಅಮೆರಿಕದ ವೈದ್ಯರು ಇಂಥ ರೋಗಿಗಳ ಸ್ಥಿತಿಗೆ ಆ ಕಾದಂಬರಿಯ ಹೆಸರನ್ನೇ ಇಟ್ಟರು. 1965ರಲ್ಲಿ ಜರ್ಮನಿಯ ಫ್ರೈಬರ್ಗ್ ಮತ್ತು ಫ್ರಾನ್ಸಿನ ಮಾರ್ಸೆಯ ಸಂಶೋಧಕರು ರಾತ್ರಿಯಿಡೀ ರೋಗಿಗಳ ನಿದ್ದೆಯನ್ನು ದಾಖಲಿಸಿ, ಉಸಿರು ಮತ್ತೆ ಮತ್ತೆ ನಿಲ್ಲುವುದನ್ನು ಕಂಡರು. ಆದರೆ ಚಿಕಿತ್ಸೆ? ಕುತ್ತಿಗೆಯ ಮುಂಭಾಗದಲ್ಲಿ ರಂಧ್ರ ಕೊರೆದು ಶ್ವಾಸನಾಳಕ್ಕೆ ಕೊಳವೆ ಇಡುವುದು! ಗುಣವೇನೋ ಕಾಣುತ್ತಿತ್ತು, ಆದರೆ ಜೀವಮಾನವಿಡೀ ಕತ್ತಿನಲ್ಲಿ ತೂತು ಇಟ್ಟುಕೊಳ್ಳಲು ಯಾರ ಮನಸ್ಸು ಒಪ್ಪೀತು?

ಹಾಗೆ ಒಪ್ಪದ ರೋಗಿಯೊಬ್ಬರಿಂದಲೇ ನಮ್ಮ ಯಂತ್ರ ಹುಟ್ಟಿತು. 1980ರ ಜೂನ್ ತಿಂಗಳು, ಆಸ್ಟ್ರೇಲಿಯದ ಸಿಡ್ನಿ. ವೈದ್ಯ ಕಾಲಿನ್ ಸಲಿವನ್ ಅವರು ಶಸ್ತ್ರಕ್ರಿಯೆಗೆ ಒಲ್ಲೆನೆಂದ ಆ ರೋಗಿಗೆ ಒಂದು ರಾತ್ರಿಯ ಪ್ರಯೋಗಕ್ಕೆ ಒಪ್ಪುವಿರಾ ಎಂದು ಕೇಳಿದರು. ಧೂಳು ಹೀರುವ ವ್ಯಾಕ್ಯೂಮ್ ಕ್ಲೀನರಿನ ಮೋಟಾರನ್ನು ಗಾಳಿ ಊದುವಂತೆ ತಿರುಗಿಸಿ, ಮೂಗಿಗೆ ಕೊಳವೆ ಜೋಡಿಸಿದರು. ಒತ್ತಡ ಏರಿಸಿದಾಗ ಉಸಿರು ಸರಾಗ. ಇಳಿಸಿದರೆ ಮತ್ತೆ ತಡೆ. ಏರಿಸಿದರೆ ಮತ್ತೆ ಸರಾಗ. ರೋಗಿ ಗಾಢವಾಗಿ ನಿದ್ರಿಸಿ ಬೆಳಗ್ಗೆ ಚುರುಕಾಗಿ ಎದ್ದರು. ಐವರು ರೋಗಿಗಳ ಈ ವೃತ್ತಾಂತ 1981ರ ಏಪ್ರಿಲಿನಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾಯಿತು.

ಬೇಕಾದ ಒತ್ತಡವಾದರೂ ಎಷ್ಟು? ಕಾಲೇಜಿನಲ್ಲಿ ಯು ಆಕಾರದ ಗಾಜಿನ ನಳಿಕೆಯಲ್ಲಿ ನೀರಿನ ಮಟ್ಟ ಅಳೆದದ್ದು ಕೆಲವರಿಗೆ ನೆನಪಿರಬಹುದು. ಅಂಥ ಹತ್ತು ಸೆಂಟಿಮೀಟರ್ ನೀರಿನ ಎತ್ತರದಷ್ಟು, ಅಂದರೆ ವಾಯುಮಂಡಲದ ಒತ್ತಡದ ನೂರನೆಯ ಒಂದು ಭಾಗ. ಇಷ್ಟು ಅಲ್ಪ ಗಾಳಿ ಗಂಟಲಿನ ಗೋಡೆಗಳು ಕುಸಿಯದಂತೆ ಆನಿಸಿ ಹಿಡಿಯುತ್ತದೆ. ಯಂತ್ರ ನಮ್ಮ ಪರವಾಗಿ ಉಸಿರಾಡುವುದಿಲ್ಲ; ದಾರಿ ತೆರೆದಿಡುತ್ತದೆ, ಅಷ್ಟೆ.

ಗಾಳಿಯ ಸಮಸ್ಯೆ ಒಂದೇ ರಾತ್ರಿಯಲ್ಲಿ ಬಗೆಹರಿಯಿತು. ಮಾಸ್ಕಿನದು ಹತ್ತಾರು ವರ್ಷ ಹಿಡಿಯಿತು. ನಮ್ಮ ಮಟ್ಟಿಗೆ ಈ ಯಂತ್ರದ ಇತಿಹಾಸವೆಂದರೆ ಮಾಸ್ಕಿನ ಇತಿಹಾಸವೇ. ಆರಂಭದ ರೋಗಿಗಳ ಮೂಗಿನ ಅಚ್ಚು ತೆಗೆದು ಒಬ್ಬೊಬ್ಬರಿಗೂ ಬೇರೆ ಬೇರೆ ಮಾಸ್ಕ್ ಮಾಡಿ, ಪ್ರತಿ ರಾತ್ರಿ ಸಿಲಿಕೋನ್ ಅಂಟಿನಿಂದ ಮೂಗಿಗೆ ಅಂಟಿಸಬೇಕಿತ್ತು, ಬೆಳಗ್ಗೆ ಕಿತ್ತುಹಾಕಬೇಕು. ಪಕ್ಕದಲ್ಲಿ ಮೋಟಾರಿನ ಅಬ್ಬರ ಬೇರೆ. ಆದರೂ ಬಿಡದೆ ವರ್ಷಗಟ್ಟಲೆ ಬಳಸಿದವರಿದ್ದರು. ನಿದ್ದೆಯ ರುಚಿ ಕಂಡವರಿಗೆ ಅಂಟಿನ ಕಾಟ ದೊಡ್ಡದೆನಿಸಲಿಲ್ಲ.

ಮುಂದೆ ಅಂಟು ಹೋಗಿ, ತೆಳು ಸಿಲಿಕೋನ್ ಅಂಚಿನ ಮಾಸ್ಕ್ ಬಂತು. ಒಳಗಿನ ಗಾಳಿಯೇ ಆ ಅಂಚನ್ನು ಉಬ್ಬಿಸಿ ಚರ್ಮಕ್ಕೆ ಒತ್ತುತ್ತದೆ. ಸೋರಬೇಕಾದ ಗಾಳಿಯೇ ಸೋರಿಕೆಯನ್ನು ತಡೆಯುತ್ತದೆ. ಜಾಣ ಉಪಾಯ. ಹೊಸಬರು ಇದನ್ನರಿಯದೆ, ಗಾಳಿ ಸೋರಿತೆಂದು ಪಟ್ಟಿ ಬಿಗಿಯುತ್ತಾರೆ. ಅಂಚು ಚಪ್ಪಟೆಯಾಗಿ ಇನ್ನಷ್ಟು ಸೋರುತ್ತದೆ, ಮೂಗಿನ ಮೇಲೆ ಹುಣ್ಣು ಬೇರೆ. ಮಲಗಿಕೊಂಡು, ಯಂತ್ರ ನಡೆಯುತ್ತಿರುವಾಗಲೇ ಪಟ್ಟಿಯನ್ನು ಸಡಿಲದಿಂದ ಸರಿಹೊಂದಿಸಬೇಕು.

ಸಿಡ್ನಿಯ ಈ ಕೆಲಸದಿಂದಲೇ 1989ರಲ್ಲಿ ಮುಂದೆ ರೆಸ್‌ಮೆಡ್ ಎನಿಸಿದ ಕಂಪನಿ ಹುಟ್ಟಿತು. ಸದ್ದು ಅಡಗಿಸುವ ಯತ್ನವೂ ನಡೆದೇ ಇತ್ತು. ಆದರೆ 2021ರ ಜೂನಿನಲ್ಲಿ ಫಿಲಿಪ್ಸ್ ಕಂಪನಿ ಲಕ್ಷಗಟ್ಟಲೆ ಯಂತ್ರಗಳನ್ನು ಹಿಂದಕ್ಕೆ ಕರೆಯಬೇಕಾಯಿತು. ಸದ್ದು ಹೀರಲೆಂದು ಒಳಗಿಟ್ಟ ಫೋಮ್ ಪುಡಿಯಾಗಿ ಶ್ವಾಸಕ್ಕೆ ಸೇರುವ ಭಯವಿತ್ತು. ಹಳೆಯ ಯಂತ್ರವನ್ನು ಅಗ್ಗಕ್ಕೆ ಕೊಳ್ಳುವವರು ಮಾದರಿ ಯಾವುದೆಂದು ವಿಚಾರಿಸುವುದು ಒಳ್ಳೆಯದು.

ರೂಢಿಯ ಮಾತಿಗೆ ಬಂದರೆ, ನಾವು ಮೊದಲ ವಾರ ಸಂಜೆ ಎಚ್ಚರದಲ್ಲಿಯೇ ಮಾಸ್ಕ್ ಹಾಕಿಕೊಂಡು ಅರ್ಧ ಗಂಟೆ ಪತ್ರಿಕೆ ಓದಿದೆವು. ಮಕ್ಕಳು ಕೊಳವೆಯನ್ನು ಗಣಪತಿಯ ಸೊಂಡಿಲೆಂದರು, ನಕ್ಕು ಮುಗಿಯಿತು. ಒತ್ತಡವನ್ನು ನಿಧಾನವಾಗಿ ಏರಿಸುವ ಸೌಲಭ್ಯ ಯಂತ್ರದಲ್ಲಿದೆ, ಅದನ್ನು ಬಳಸಬೇಕು. ಮೂಗು ಒಣಗಿದರೆ ತೇವ ಕೊಡುವ ನೀರಿನ ತೊಟ್ಟಿ ಇದೆ. ದೆಹಲಿಯ ಜನವರಿಯಲ್ಲಿ ಮಾತ್ರ ಆ ತೇವವೇ ತಣ್ಣನೆಯ ಕೊಳವೆಯೊಳಗೆ ಹನಿಗಟ್ಟಿ ಮೂಗಿಗೆ ಚಿಮ್ಮುತ್ತದೆ. ಕೊಳವೆಯನ್ನು ರಜಾಯಿಯೊಳಗೆ ಎಳೆದುಕೊಂಡರೆ ಸಾಕು. ಬಾಯಿ ತೆರೆದು ಮಲಗುವವರು, ಮಾಸ್ಕ್ ಹೊಂದದವರು ವೈದ್ಯರಲ್ಲಿ ಬೇರೆ ಬಗೆಯದನ್ನು ಕೇಳಬೇಕೇ ಹೊರತು ಅಟ್ಟ ಹುಡುಕಬಾರದು.

ಊರಿಗೆ ಹೊರಡುವ ವಿಚಾರ ಬೇರೆ. ಕರ್ನಾಟಕ ಎಕ್ಸ್‌ಪ್ರೆಸ್ಸಿನಲ್ಲಿ ಬೆಂಗಳೂರಿಗೆ ಎರಡು ರಾತ್ರಿ. ಮೊಬೈಲಿಗೆಂದಿರುವ ಸಾಕೆಟ್ ನಂಬಿ ಹೊರಡಬಾರದು. ಯಂತ್ರಕ್ಕೆ ಹೊಂದುವ ಬ್ಯಾಟರಿ ಸಿಗುತ್ತದೆ, ಆದರೆ ಬೆಲೆ ಕಡಿಮೆಯಿಲ್ಲ. ನಾವು ಮುಂದಿನ ಬೇಸಿಗೆ ರಜೆಗೆ ಅದರ ಲೆಕ್ಕ ಹಾಕುತ್ತಿದ್ದೇವೆ.